ಡಯಾಲಿಸಿಸ್ ಕೋಣೆಯ ಎದುರಿನ ಆಹಾರ ಫಲಕ

ಮಾನ್ಯ ಆರೋಗ್ಯಾಧಿಕಾರಿಗಳೇ,

ನೀವು ಹಾಕಿಸಿದ ಫಲಕವನ್ನು ಓದಿ, ಅದರಲ್ಲಿ ಬರೆದಂತೆಯೇ ಅಡುಗೆ ಮಾಡಿ, ನಾನು ನನ್ನ ಅಜ್ಜನನ್ನು ಕೊಲ್ಲುವುದರಲ್ಲಿದ್ದೆ. ಇದನ್ನು ನಿಮ್ಮ ಕಚೇರಿಗೆ ಬಂದು ಹೇಳುವ ಧೈರ್ಯ ನನಗಿಲ್ಲ. ದೊಡ್ಡವರ ಮುಂದೆ ನಿಂತರೆ ನನ್ನ ಬಾಯಿ ಒಣಗುತ್ತದೆ, ಹೇಳಬೇಕೆಂದು ಬಂದ ಮಾತು ಮನೆಗೆ ಹೋದ ಮೇಲೆ ನೆನಪಾಗುತ್ತದೆ. ಆದ್ದರಿಂದ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ಆಸ್ಪತ್ರೆಯ ಹೆಸರು ಬರೆಯುವುದಿಲ್ಲ. ಅಲ್ಲಿಯವರು ಕೆಟ್ಟವರಲ್ಲ. ಅಲ್ಲದೆ ನಾಳೆ ಶುಕ್ರವಾರ, ಡಯಾಲಿಸಿಸ್‌ಗೆ ಅಜ್ಜನಿಗೆ ಅದೇ ಮಂಚ ಬೇಕು. ಈ ಪತ್ರ ಓದಿ ಯಾರಿಗಾದರೂ ಸಿಟ್ಟು ಬಂದರೆ ಆ ಮಂಚ ಸಿಗದೇ ಹೋದೀತೆಂಬ ಭಯವೂ ನನಗಿದೆ.

ನಾವು ಅಮ್ಮತ್ತಿಯಿಂದ ಸ್ವಲ್ಪ ಒಳಗೆ ಇರುವವರು. ಅಜ್ಜನ ಹೆಸರು ಬೊಳ್ಳಪ್ಪ, ಎಪ್ಪತ್ತೊಂದು ವರ್ಷ. ಮೂವತ್ತು ವರ್ಷ ಎಸ್ಟೇಟಿನಲ್ಲಿ ಮೇಸ್ತ್ರಿಯಾಗಿದ್ದವರು. ನಾನು ಐದನೇ ತರಗತಿ ಮುಗಿಸಿದ ವರ್ಷ ಅಪ್ಪ ತೀರಿಕೊಂಡರು. ಅಂದಿನಿಂದ ಅವ್ವ ಎಸ್ಟೇಟಿನ ಕೆಲಸಕ್ಕೆ ಹೋಗುತ್ತಾರೆ, ಮನೆಯ ಒಲೆ ನನ್ನದು. ಕಳೆದ ಮಾರ್ಚ್‌ನಲ್ಲಿ ಅಜ್ಜನ ಎರಡೂ ಮೂತ್ರಪಿಂಡ ನಿಂತುಹೋದವೆಂದು ಹೇಳಿದರು. ಆಮೇಲೆ ಮಂಗಳವಾರ ಮತ್ತು ಶುಕ್ರವಾರ ನಾಲ್ಕು ಗಂಟೆ ಕಾಲ ಅವರ ರಕ್ತ ಯಂತ್ರದೊಳಗೆ ಹೋಗಿ ತೊಳೆದುಕೊಂಡು ಬರುತ್ತದೆ. ಆ ನಾಲ್ಕು ಗಂಟೆ ನಾನು ಹೊರಗಿನ ಬೆಂಚಿನಲ್ಲಿರುತ್ತೇನೆ. ಬೆಂಚಿನ ಎದುರಿನ ಗೋಡೆಯಲ್ಲಿ ನಿಮ್ಮ ಫಲಕವಿದೆ.

‘ಹಿರಿಯರ ಆರೋಗ್ಯಕ್ಕೆ ದಿನನಿತ್ಯದ ಆಹಾರ’ ಎಂದು ಅದರ ಮೇಲೆ ದೊಡ್ಡ ಅಕ್ಷರ. ಕೆಳಗೆ ನಗುತ್ತಿರುವ ಒಬ್ಬ ಅಜ್ಜ, ಒಬ್ಬ ಅಜ್ಜಿ, ಹಣ್ಣಿನ ಬುಟ್ಟಿ. ದಿನಕ್ಕೊಂದು ಬಾಳೆಹಣ್ಣು, ಕಿತ್ತಳೆ, ವಾರದಲ್ಲಿ ಮೂರು ದಿನ ಎಳನೀರು, ಎರಡು ಹೊತ್ತೂ ಸೊಪ್ಪು, ಬೇಳೆಕಾಳು. ಆ ಇಡೀ ಮೊಗಸಾಲೆಯಲ್ಲಿ ಕನ್ನಡದಲ್ಲಿರುವುದು ಅದೊಂದೇ. ಉಳಿದದ್ದೆಲ್ಲ ಇಂಗ್ಲಿಷ್. ಐದನೇ ತರಗತಿಯವರೆಗೆ ಓದಿದವಳಿಗೆ ಕನ್ನಡದ ಒಂದು ಫಲಕ ಕಂಡರೆ ಎಷ್ಟು ಸಮಾಧಾನವಾಗುತ್ತದೆ ಎಂದು ನಿಮಗೆ ಹೇಗೆ ತಿಳಿಸಲಿ? ನಾನು ಅದನ್ನು ಬಾಯಿಪಾಠ ಮಾಡಿದೆ.

ನಿಮಗೆ ನೆನಪಿರಲಾರದು. ಏಪ್ರಿಲ್‌ನಲ್ಲಿ ನೀವು ಪರಿಶೀಲನೆಗೆ ಬಂದಿದ್ದಿರಿ. ಬೆಳಿಗ್ಗೆಯೇ ಫಲಕವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಇಟ್ಟಿದ್ದರು. ನೀವು ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡಿರಿ. ಬೆಂಚಿನ ತುದಿಯಲ್ಲಿದ್ದ ನನ್ನನ್ನು ನೋಡಿ, “ಓದಲು ಬರುತ್ತದೇನಮ್ಮಾ?” ಎಂದು ಕೇಳಿದಿರಿ. ನಾನು ತಲೆಯಾಡಿಸಿದೆ. “ಗುಡ್. ಮನೆಯ ಹಿರಿಯರಿಗೆ ಇದನ್ನೇ ಕೊಡಿ” ಎಂದಿರಿ. ಸ್ವಾಮಿ, ನಾನು ಅದನ್ನೇ ಕೊಟ್ಟೆ. ನಿಮ್ಮ ಇಲಾಖೆಯ ಸೂಚನೆಯನ್ನು ಇಷ್ಟು ನಿಷ್ಠೆಯಿಂದ ಪಾಲಿಸಿದವರು ಈ ಜಿಲ್ಲೆಯಲ್ಲಿ ಇನ್ನೊಬ್ಬರಿದ್ದರೆ ಅವರ ಮನೆಯವರು ಬದುಕಿದ್ದಾರೋ ಎಂದು ದಯವಿಟ್ಟು ವಿಚಾರಿಸಿ.

ಫಲಕದಲ್ಲಿ ಒಂದಕ್ಷರವೂ ತಪ್ಪಿಲ್ಲ ಎಂದು ನೀವು ಹೇಳಬಹುದು. ನಿಜ, ತಪ್ಪಿಲ್ಲ. ಗೋಡೆ ಮಾತ್ರ ತಪ್ಪು. ಅದೇ ಫಲಕ ಕಣ್ಣಿನ ವಿಭಾಗದ ಮುಂದಿದ್ದರೆ ನೂರು ಜನರಿಗೆ ಒಳ್ಳೆಯದಾಗುತ್ತಿತ್ತು. ಮೂತ್ರಪಿಂಡ ಕೆಲಸ ಮಾಡದವರ ಮೈಯಲ್ಲಿ ಬಾಳೆಹಣ್ಣು, ಎಳನೀರು, ಸೊಪ್ಪುಗಳಲ್ಲಿರುವ ಪೊಟ್ಯಾಸಿಯಮ್ ಹೊರಗೆ ಹೋಗದೆ ಉಳಿಯುತ್ತದೆ, ಹೆಚ್ಚಾದರೆ ಹೃದಯ ಬಡಿತ ತಪ್ಪುತ್ತದೆ ಎಂದು ಈಗ ನನಗೆ ಗೊತ್ತು. ಎಲ್ಲರಿಗೂ ಬಲ ಕೊಡುವ ಆಹಾರ ಒಂದು ಬಾಗಿಲಿನ ಒಳಗಿರುವವರಿಗೆ ಮಾತ್ರ ವಿಷ. ಸರಿಯಾಗಿ ಆ ಬಾಗಿಲಿನ ಎದುರಿಗೇ ಅದನ್ನು ತೂಗುಹಾಕಲು ಎಷ್ಟು ಜನ ಸೇರಿ ಯೋಚಿಸಬೇಕಾಯಿತು?

ನಮಗೆ ಯಾರೂ ಏನೂ ಕೊಡಲಿಲ್ಲವೆಂದರೆ ಸುಳ್ಳಾಗುತ್ತದೆ. ಮೊದಲ ದಿನ ಆಸ್ಪತ್ರೆಯಲ್ಲಿ ಊಟದ ವಿವರದ ಎರಡು ಹಾಳೆ ಕೊಟ್ಟರು. ಇಂಗ್ಲಿಷ್‌ನಲ್ಲಿತ್ತು. “ಇದ್ರಲ್ಲಿ ಎಲ್ಲಾ ಉಂಟು, ಯಾರತ್ರಾದ್ರೂ ಓದಿಸಿ” ಎಂದರು. ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಶಶಿಧರಣ್ಣನ ಹತ್ತಿರ ತೆಗೆದುಕೊಂಡು ಹೋದೆ. ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

“ಪೊಟ್ಯಾಸಿಯಮ್ ಕಮ್ಮಿ ಮಾಡ್ಬೇಕಂತೆ ಮಾರಾಯ್ತಿ.”

“ಅದು ಎಂಥದಣ್ಣ?”

“ಪೊಟ್ಯಾಷ್ ಇಲ್ವಾ, ಕಾಫಿ ಬುಡಕ್ಕೆ ಹಾಕೋ ಕೆಂಪು ಗೊಬ್ಬರ? ಅದೇ.”

“ಅದನ್ನ ಯಾರಣ್ಣ ತಿಂತಾರೆ?”

“ತಿನ್ನೋದಲ್ಲ. ಗೊಬ್ಬರ ಹಾಕಿ ಬೆಳ್ಸಿದ್ದು ಕೊಡ್ಬೇಡ ಅಂತ ಇರ್ಬೇಕು. ಪೇಟೆ ಬಾಳೆಹಣ್ಣು ತರ್ಬೇಡ. ನಿಮ್ಮ ಹಿತ್ತಲಲ್ಲೇ ಉಂಟಲ್ಲ.”

ಶಶಿಧರಣ್ಣನನ್ನು ನಾನು ದೂರುವುದಿಲ್ಲ. ಕಾಫಿ ತೋಟದ ನಡುವೆ ಬದುಕುವವರಿಗೆ ಪೊಟ್ಯಾಷ್ ಎಂದರೆ ಮೂಟೆಯಲ್ಲಿ ಬರುವ ವಸ್ತು. ಅದು ಬಾಳೆಹಣ್ಣಿನೊಳಗೆ ತಾನಾಗಿಯೇ ಇರುತ್ತದೆಂದು ನಮಗೆ ಹೇಳಿದವರು ಯಾರು? ನಮ್ಮ ಹಿತ್ತಲ ಬಾಳೆಗೆ ಸಗಣಿ ಬಿಟ್ಟರೆ ಬೇರೇನೂ ಹಾಕಿದವರಲ್ಲ. ಹಾಗಾಗಿ ಧೈರ್ಯವಾಗಿ ದಿನಕ್ಕೆ ಎರಡು ಹಣ್ಣು ಕೊಟ್ಟೆ. ನಿಮ್ಮ ಫಲಕ ಹೇಳಿದ್ದಕ್ಕಿಂತ ಒಂದು ಹೆಚ್ಚು.

ಅಜ್ಜನ ಪಕ್ಕದ ಮಂಚ ಬಾಳೆಲೆಯ ಕುಟ್ಟಪ್ಪನವರದು. ಅವರ ಹೆಂಡತಿ ಬೋಜಮ್ಮ ಆಂಟಿ ನನ್ನ ಜೊತೆ ಬೆಂಚಿನಲ್ಲಿ ಕೂರುತ್ತಾರೆ. ಅವರಿಗೆ ಓದಲು ಬಾರದು. ಒಂದು ಶುಕ್ರವಾರ ಕುಟ್ಟಪ್ಪನವರು ಮಲಗಿದಲ್ಲಿಂದಲೇ, “ಬೊಳ್ಳಪ್ಪಣ್ಣ, ನಿನ್ನ ಮೊಮ್ಮಗಳು ಬೋರ್ಡ್ ನೋಡಿ ಅಡಿಗೆ ಮಾಡ್ತಾಳಂತೆ. ನನ್ನ ಹೆಂಡ್ತಿ ನನ್ನ ಮೋರೆ ನೋಡಿ ಮಾಡ್ತಾಳೆ” ಎಂದು ತಮಾಷೆ ಮಾಡಿದರು. ಅಜ್ಜ, “ನಿನ್ನ ಮೋರೆಲಿ ಎಂಥ ಉಟ್ಟು ಕುಟ್ಟಪ್ಪ? ಬರೀ ಪಂದಿಕರಿ ಅಂತ ಬರ್ದುಟ್ಟು” ಎಂದರು. ಇಬ್ಬರೂ ಹಂದಿಮಾಂಸದ ಆ ಸಾರನ್ನು ನೆನೆದು ನಕ್ಕರು. ಆ ತಿಂಗಳ ರಕ್ತಪರೀಕ್ಷೆಯಲ್ಲಿ ಕುಟ್ಟಪ್ಪನವರದು ಸರಿಯಿತ್ತು. ಅಜ್ಜನದು ಏರಿತ್ತು. ಓದಲು ಬಾರದ ಬೋಜಮ್ಮ ಆಂಟಿಯ ಗಂಡ ಉಳಿದರು, ಓದಲು ಬರುವ ಮೊಮ್ಮಗಳ ಅಜ್ಜ ಉಳಿಯುವುದು ಕಷ್ಟವಾಯಿತು. ಸಾಕ್ಷರತೆಯ ಬಗ್ಗೆ ನೀವು ಮುಂದಿನ ಸಲ ಭಾಷಣ ಮಾಡುವಾಗ ಇದನ್ನೂ ಸೇರಿಸಿಕೊಳ್ಳಬಹುದು.

ಯಂತ್ರ ನೋಡಿಕೊಳ್ಳುವ ಸುನಿಲ್ ಅವರು ವರದಿ ಹಿಡಿದು ಹೊರಗೆ ಬಂದರು. “ಎಂತ ಕೊಡ್ತೀರಿ ಮನೇಲಿ?” ಎಂದು ಕೇಳಿದರು. ನಾನು ಫಲಕದ ಕಡೆಗೆ ಬೆರಳು ತೋರಿಸಿದೆ.

“ಅಯ್ಯೋ, ಅದು ನಿಮಗಲ್ಲ ಮಾರಾಯ್ರೆ! ಸೊಪ್ಪು ತಿನ್ಬಾರ್ದು. ಎಳನೀರು, ಬಾಳೆಹಣ್ಣು, ಕಿತ್ತಳೆ ಮುಟ್ಟಿಸ್ಬೇಡಿ. ಉಳಿದದ್ದು ಆಮೇಲೆ ಹೇಳ್ತೇನೆ.”

ಒಳಗೆ ಯಾವುದೋ ಯಂತ್ರ ಕೂಗಿಕೊಂಡಿತು, ಅವರು ಓಡಿದರು. ಐದು ಯಂತ್ರಗಳಿಗೆ ಅವರೊಬ್ಬರೇ. ಆ ‘ಆಮೇಲೆ’ ಇನ್ನೂ ಬಂದಿಲ್ಲ. ಆಹಾರ ತಜ್ಞರ ಕೋಣೆ ಆಸ್ಪತ್ರೆಯಲ್ಲಿದೆ. ಬಾಗಿಲಿದೆ, ಬಾಗಿಲ ಮೇಲೆ ಹೆಸರಿನ ಹಲಗೆಯಿದೆ, ಬೀಗವೂ ಇದೆ. ತಜ್ಞರೊಬ್ಬರನ್ನು ಬಿಟ್ಟು ಎಲ್ಲ ವ್ಯವಸ್ಥೆಯನ್ನೂ ನೀವು ಮಾಡಿದ್ದೀರಿ.

ಇನ್ನು ನನ್ನ ತಪ್ಪನ್ನು ಹೇಳುತ್ತೇನೆ. ಇದನ್ನು ಅವ್ವನ ಮುಂದೆಯೂ ಪೂರ್ತಿ ಹೇಳಿಲ್ಲ.

ಮಳೆಗಾಲದ ಆಟಿ ತಿಂಗಳ ಹದಿನೆಂಟನೇ ದಿನ ಈ ಸಲ ಭಾನುವಾರ ಬಂತು. ಅಂದು ಮದ್ದುಸೊಪ್ಪಿನಲ್ಲಿ ಹದಿನೆಂಟು ಮದ್ದು ಸೇರುತ್ತದೆಂದು ನಮ್ಮ ಕಡೆ ಎಲ್ಲರೂ ಅದರ ಪಾಯಸ ಮಾಡುತ್ತಾರೆ. ನೀವು ಬೇರೆ ಜಿಲ್ಲೆಯವರಾದರೆ ನಿಮಗೆ ತಿಳಿದಿರಲಿಕ್ಕಿಲ್ಲ. ಸೊಪ್ಪನ್ನು ದಂಟಿನ ಸಮೇತ ನೀರಿನಲ್ಲಿ ಕುದಿಸಿದರೆ ನೀರು ಕಡು ನೇರಳೆಯಾಗುತ್ತದೆ. ಸೊಪ್ಪನ್ನು ಹಿಂಡಿ ಎಸೆಯುತ್ತೇವೆ. ಆ ನೀರಿನಲ್ಲಿ ಅಕ್ಕಿ ಬೇಯಿಸಿ, ಬೆಲ್ಲ, ಕಾಯಿಹಾಲು ಹಾಕುತ್ತೇವೆ. ನಾನು ಒಲೆಯ ಮುಂದೆ ನಿಂತು ಬಹಳ ಯೋಚಿಸಿದೆ. ಸುನಿಲ್ ಹೇಳಿದ್ದು, ಸೊಪ್ಪು ತಿನ್ನಬಾರದು. ಈ ಪಾಯಸದಲ್ಲಿ ಸೊಪ್ಪು ಎಲ್ಲಿದೆ? ಒಂದು ಎಲೆಯೂ ಇಲ್ಲ, ಎಲ್ಲವನ್ನೂ ನಾನೇ ಎಸೆದಿದ್ದೇನೆ. ಇರುವುದು ನೀರು, ಅದೂ ಮದ್ದಿನ ನೀರು. ಅಜ್ಜನಿಗೆ ಆಸ್ಪತ್ರೆಯವರು ಹೇಳಿದ ದಿನದ ನೀರಿನ ಮಿತಿಯಲ್ಲಿ ಅಷ್ಟನ್ನು ಕಳೆದು, ಅರ್ಧ ಬಟ್ಟಲು ಅಳೆದು ಕೊಟ್ಟೆ. ಅಷ್ಟು ಎಚ್ಚರಿಕೆಯವಳು ನಾನು.

ಮದ್ದು ಮೈಗೆ ಹತ್ತಿದೆಯೋ ಇಲ್ಲವೋ ಎಂದು ನೋಡಲು ನಮ್ಮಲ್ಲಿ ಒಂದು ಗುರುತಿದೆ. ಪಾಯಸ ತಿಂದವರಿಗೆ ಮೂತ್ರ ಕೆಂಪಾಗಿ ಹೋಗುತ್ತದೆ. ಚಿಕ್ಕಂದಿನಲ್ಲಿ ನಾವೆಲ್ಲ ಅದನ್ನೇ ಹೇಳಿಕೊಂಡು ನಗುತ್ತಿದ್ದೆವು. ಅಜ್ಜನಿಗೆ ಈಗ ಮೂತ್ರವೇ ಇಲ್ಲವೆನ್ನುವಷ್ಟು ಕಡಿಮೆ. ಸಂಜೆಯಾದರೂ ಗುರುತು ಕಾಣಲಿಲ್ಲ. ಅಜ್ಜ ನನ್ನನ್ನು ಗೂಡೆ, ಅಂದರೆ ಹುಡುಗಿ, ಎಂದೇ ಕರೆಯುವುದು.

“ಗೂಡೆ, ನಂಗೆ ಮದ್ದು ಹತ್ತಿಲ್ಲೆ. ಇನ್ನೊಂದು ಬಟ್ಟಲು ಹಾಕ್.”

“ಬೇಡ ಅಜ್ಜ, ನೀರಿನ ಲೆಕ್ಕ ತಪ್ಪುತ್ತೆ.”

“ಲೆಕ್ಕ ಆ ಮಿಷಿನ್‌ಗೆ. ಇದು ಮದ್ದು. ವರ್ಷಕ್ಕೆ ಒಂದೇ ದಿನ ಸಿಗೋ ಮದ್ದು.”

ನಾನು ಹಾಕಿದೆ. ಅವರು ಕೇಳಿದ್ದಕ್ಕೆ ಮಾತ್ರವಲ್ಲ, ನನಗೂ ಆಸೆಯಿತ್ತು. ಹದಿನೆಂಟರಲ್ಲಿ ಒಂದಾದರೂ ಮೂತ್ರಪಿಂಡದ ಮದ್ದಾಗಿರಬಾರದೇ? ಮರುದಿನ ಬೆಳಿಗ್ಗೆಯೂ ಗುರುತಿಲ್ಲ. ಅವ್ವ ಕೆಲಸಕ್ಕೆ ಹೋದ ಮೇಲೆ ಉಳಿದದ್ದನ್ನು ಬಿಸಿ ಮಾಡಿ ಕೊಟ್ಟೆ. ಶುಕ್ರವಾರ ರಕ್ತ ತೊಳೆದದ್ದು, ಮುಂದಿನ ಸರದಿ ಮಂಗಳವಾರ. ವಾರದಲ್ಲಿ ಅತಿ ಉದ್ದದ ಬಿಡುವು ಅದೇ ಎಂದು ಆಗ ನನಗೆ ಹೊಳೆಯಲಿಲ್ಲ.

ಸೋಮವಾರ ಹನ್ನೊಂದು ಗಂಟೆಗೆ ಅಜ್ಜ ಜಗಲಿಯಿಂದ ಏಳಲು ಹೋದರು, ಏಳಲಾಗಲಿಲ್ಲ. “ಕಾಲು ನಂದಲ್ಲ ಅಂತ ಕಾಣ್ತದೆ” ಎಂದು ನಗಲು ನೋಡಿದರು. ಆ ನಗು ಅರ್ಧಕ್ಕೇ ನಿಂತಿತು. ಅವರ ಕೈ ಹಿಡಿದೆ, ತಣ್ಣಗಿತ್ತು. ನಾಡಿ ಎಲ್ಲಿದೆಯೆಂದು ಹುಡುಕಿದೆ, ಸಿಕ್ಕಿತು, ಮತ್ತೆ ಬಹಳ ಹೊತ್ತು ಸಿಗಲಿಲ್ಲ, ಮತ್ತೆ ಸಿಕ್ಕಿತು. ಆ ನಡುವಿನ ಹೊತ್ತಿನಲ್ಲಿ ನಾನು ಏನೇನು ಹರಕೆ ಹೇಳಿಕೊಂಡೆನೋ ನೆನಪಿಲ್ಲ. ಶಶಿಧರಣ್ಣ ಎಸ್ಟೇಟಿನ ಜೀಪು ತಂದರು. ದಾರಿಯುದ್ದಕ್ಕೂ ನಾನು ಅಜ್ಜನ ಎದೆಯ ಮೇಲೆ ಅಂಗೈ ಇಟ್ಟುಕೊಂಡೇ ಇದ್ದೆ, ತೆಗೆದರೆ ನಿಂತುಬಿಡುತ್ತದೆ ಎಂಬಂತೆ.

ಆಸ್ಪತ್ರೆಯಲ್ಲಿ ಎದೆಗೆ ತಂತಿ ಹಚ್ಚಿದರು. ಹೃದಯ ಬಡಿತದ ಕಾಗದ ನೋಡಿದ ಡಾಕ್ಟರ್ ಓಡುತ್ತಲೇ ಇಂಜೆಕ್ಷನ್ ಕೇಳಿದರು. ಇನ್ನೊಬ್ಬರ ಸರದಿ ನಿಲ್ಲಿಸಿ ಅಜ್ಜನನ್ನು ಯಂತ್ರಕ್ಕೆ ಹಾಕಿದರು. “ಏನು ತಿಂದಿದ್ದಾರೆ? ಬೇಗ ಹೇಳಿ” ಎಂದು ನನ್ನನ್ನು ಕೇಳಿದರು. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಅಜ್ಜನ ನಾಲಿಗೆ ನೋಡಿದರು. ನೇರಳೆಯಾಗಿತ್ತು. “ಇದೇನಿದು?” ಎಂದು ಗಾಬರಿಯಾದರು. ಪಕ್ಕದಲ್ಲಿದ್ದ ಸುನಿಲ್, “ಆಟಿ ಪಾಯಸ ಸಾರ್” ಎಂದರು. ಡಾಕ್ಟರ್ ಬೇರೆ ಊರಿನವರು, ಆ ಹೆಸರನ್ನೇ ಕೇಳಿರಲಿಲ್ಲ. ಮಾಡುವ ಕ್ರಮವನ್ನು ಸುನಿಲ್ ಹೇಳಿದ ಮೇಲೆ ಅವರು ನನ್ನ ಕಡೆ ತಿರುಗಿ, ಬೈಯದೆ, ಮೆಲ್ಲಗೆ ಹೇಳಿದರು: “ಪೊಟ್ಯಾಸಿಯಮ್ ಸೊಪ್ಪಿನಿಂದ ನೀರಿಗೆ ಇಳಿಯುತ್ತಮ್ಮ. ನೀವು ಎಸೆಯಬೇಕಾದ್ದನ್ನು ಕೊಟ್ಟು, ಉಳಿದದ್ದನ್ನು ಎಸೆದಿದ್ದೀರಿ. ಪಾಯಸ ಒಂದರಿಂದಲೇ ಆಯಿತು ಅಂತ ಹೇಳಲಾರೆ. ಬೆಲ್ಲ, ಕಾಯಿಹಾಲು, ಮೂರು ದಿನದ ಬಿಡುವು, ಎಲ್ಲ ಸೇರಿದೆ.”

ಅಜ್ಜ ಉಳಿದರು.

ಆಮೇಲೆ ನನಗೆ ಪಾಠ ಹೇಳಿದವರು ಬೋಜಮ್ಮ ಆಂಟಿ. “ಕಣಿಲೆ ಮಾಡ್ಲಿಕ್ಕೆ ಬರ್ತದಲ್ಲ ನಿಂಗೆ? ಹೆಚ್ಚಿ ನೀರಲ್ಲಿ ಹಾಕಿ, ನೀರು ಬದ್ಲಾಯಿಸಿ, ಬೇಯ್ಸಿ, ಆ ನೀರೂ ಚೆಲ್ತೀಯಲ್ಲ? ಎಲ್ಲಾ ತರಕಾರಿನೂ ಕಣಿಲೆ ಅಂತ ತಿಳ್ಕೊ. ಕಣಿಲೆ ನೀರು ಕುಡಿತಾರಾ ಯಾರಾದ್ರೂ?” ಎಂದರು. ಅಷ್ಟೇ. ಬಿದಿರಿನ ಮೊಳಕೆಯ ನಂಜು ತೆಗೆಯುವುದು ನಮ್ಮ ಕಡೆಯ ಹತ್ತು ವರ್ಷದ ಹುಡುಗಿಗೂ ಗೊತ್ತು. ನಿಮ್ಮ ಇಲಾಖೆಯ ಎರಡು ಇಂಗ್ಲಿಷ್ ಹಾಳೆ, ಒಂದು ಬಣ್ಣದ ಫಲಕ, ಒಂದು ಬೀಗ ಹಾಕಿದ ಕೋಣೆ ಸೇರಿ ಐದು ತಿಂಗಳಲ್ಲಿ ತಿಳಿಸದೇ ಇದ್ದದ್ದನ್ನು ಓದು ಬಾರದ ಒಬ್ಬ ಹೆಂಗಸು ಒಂದು ಉಸಿರಿನಲ್ಲಿ ತಿಳಿಸಿದರು. ಅವರಿಗೆ ಅದನ್ನು ಹೇಳಿಕೊಟ್ಟವರು ಅದೇ ಬೆಂಚಿನಲ್ಲಿ ಮೊದಲು ಕೂರುತ್ತಿದ್ದ ಇನ್ನೊಬ್ಬರಂತೆ. ಅವರ ಮನೆಯವರು ಈಗಿಲ್ಲ.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಹೆದರಿದ ನಾನು ಎಲ್ಲವನ್ನೂ ನಿಲ್ಲಿಸಿದೆ. ಸೊಪ್ಪಿಲ್ಲ, ಬೇಳೆಯಿಲ್ಲ, ಹಣ್ಣಿಲ್ಲ, ಮೀನಿಲ್ಲ, ಮೊಟ್ಟೆಯಿಲ್ಲ. ಬಿಳಿ ಅನ್ನ, ಎರಡು ನೀರು ಚೆಲ್ಲಿದ ಸೋರೆಕಾಯಿ. ಬೆಳಿಗ್ಗೆ ಉಪ್ಪಿಲ್ಲದ ಅಕ್ಕಿರೊಟ್ಟಿ. ತಿಂಗಳು ಕಳೆಯುವುದರೊಳಗೆ ಅಜ್ಜನ ಕೊರಳೆಲುಬು ಎದ್ದು ಕಾಣತೊಡಗಿತು. ಕಳೆದ ಶುಕ್ರವಾರ ತೂಕ ನೋಡಿದ ಡಾಕ್ಟರ್, “ಮೈಯಲ್ಲಿ ಸತ್ವವೇ ಇಲ್ಲವಲ್ಲ. ಯಂತ್ರದಲ್ಲಿ ಪ್ರೋಟೀನ್ ಹೋಗುತ್ತದೆ, ಅದನ್ನು ಊಟದಲ್ಲಿ ತುಂಬಬೇಕು. ಹೀಗೇ ಆದರೆ ಇನ್ನೊಂದು ರೀತಿಯಲ್ಲಿ ಕಳೆದುಕೊಳ್ಳುತ್ತೇವೆ” ಎಂದರು. ಏನು ಕೊಡಲಿ ಎಂದು ಕೇಳಬೇಕೆಂದುಕೊಂಡೆ. ಹಿಂದೆ ಹನ್ನೆರಡು ಜನ ಕಾಯುತ್ತಿದ್ದರು. ಡಾಕ್ಟರ್ “ಡಯಟ್ ಹಾಳೆ ನೋಡಿ” ಎಂದು ಮುಂದಿನವರನ್ನು ಕರೆದರು.

ಈಗ ಹೇಳಿ. ಕೊಟ್ಟರೆ ಹೃದಯ ನಿಲ್ಲುತ್ತದೆ, ಕೊಡದಿದ್ದರೆ ಮೈ ಸವೆಯುತ್ತದೆ. ಎರಡರ ನಡುವೆ ಒಂದು ತಟ್ಟೆಯಷ್ಟು ಜಾಗವಿದೆಯಂತೆ. ಆ ತಟ್ಟೆಯಲ್ಲಿ ಏನಿರಬೇಕೆಂದು ನನಗೆ ಯಾರು ತೋರಿಸುತ್ತಾರೆ? ಬಂಗುಡೆ ಮೀನು ಆಗುತ್ತದೆಯೇ? ಒಣಮೀನನ್ನು ತೊಳೆದರೆ ಉಪ್ಪು ಹೋಗುತ್ತದೆಯೇ? ಹುಳಿಗೆ ಹಾಕುವ ನಮ್ಮ ಕಾಚಂಪುಳಿ ನಾಲ್ಕು ಹನಿ ಹಾಕಿದರೆ ಬಾಯಿಗೆ ರುಚಿಯಾಗಿ ನಾಲ್ಕು ತುತ್ತು ಹೆಚ್ಚು ತಿಂದಾರು, ಹಾಕಬಹುದೇ? ಬೇಳೆಯನ್ನು ಎಷ್ಟು ನೀರಿನಲ್ಲಿ ತೊಳೆಯಬೇಕು? ಇವು ದೊಡ್ಡ ಪ್ರಶ್ನೆಗಳಲ್ಲ. ತಿಳಿದವರು ಬೆಂಚಿನಲ್ಲಿ ಅರ್ಧ ಗಂಟೆ ಕೂತರೆ ಮುಗಿಯುತ್ತದೆ. ಯಂತ್ರಕ್ಕೆ ಇಷ್ಟು ಖರ್ಚು ಮಾಡುವ ಸರ್ಕಾರ ವಾರದಲ್ಲಿ ಎಂಟು ಗಂಟೆ ಅಜ್ಜನನ್ನು ನೋಡಿಕೊಳ್ಳುತ್ತದೆ. ಉಳಿದ ನೂರ ಅರವತ್ತು ಗಂಟೆ ಅವರ ಜೀವ ನನ್ನ ಸೌಟಿನಲ್ಲಿದೆ. ಆ ಸೌಟು ಹಿಡಿದವಳಿಗೆ ಒಂದು ಮಾತು ಹೇಳುವವರು ಬೇಡವೇ?

ಮೊನ್ನೆ ಮಂಗಳವಾರ ಬೆಂಚಿಗೆ ಹೊಸಬರೊಬ್ಬರು ಬಂದರು. ಹುದಿಕೇರಿಯ ಕಡೆಯವರು. ಅತ್ತೆಯನ್ನು ಅಂದೇ ಮೊದಲ ಸಲ ಒಳಗೆ ಮಲಗಿಸಿದ್ದರು. ಕೈಯಲ್ಲಿ ಆ ಎರಡು ಹಾಳೆ, ಕಣ್ಣು ಎದುರಿನ ಗೋಡೆಯಲ್ಲಿ. ತುಟಿ ಅಲುಗುತ್ತಿತ್ತು. ಬಾಯಿಪಾಠ ಮಾಡುತ್ತಿದ್ದಾರೆಂದು ನನಗೆ ಗೊತ್ತಾಯಿತು. ಅಪರಿಚಿತರನ್ನು ನಾನಾಗಿ ಮಾತಾಡಿಸಿದ್ದು ಅದೇ ಮೊದಲು. “ಅಕ್ಕ, ಅದನ್ನ ಓದ್ಬೇಡಿ. ಅದು ನಮಗಲ್ಲ” ಎಂದೆ. ಅವರು ಬೆಚ್ಚಿ ನೋಡಿದರು. “ಮತ್ತೆ ಅತ್ತೆಗೆ ಎಂತ ಕೊಡೋದು?” ಎಂದು ಕೇಳಿದರು. ನಾನು ಕಣಿಲೆಯ ವಿಷಯ ಹೇಳಿದೆ. ಅದಕ್ಕಿಂತ ಮುಂದೆ ನನ್ನಲ್ಲಿ ಏನೂ ಇರಲಿಲ್ಲ.

ನಾನು ಕೇಳುವುದು ಇಷ್ಟು. ಮುಂದಿನ ಮಂಗಳವಾರದೊಳಗೆ ಆ ಫಲಕವನ್ನು ಆ ಗೋಡೆಯಿಂದ ತೆಗೆಸಿ. ಬೇರೆಡೆ ಹಾಕಿಸಿ, ಮತ್ತೆ ಫೋಟೋ ತೆಗೆಸಿಕೊಳ್ಳಿ, ನನ್ನ ಆಕ್ಷೇಪವಿಲ್ಲ. ಆ ಜಾಗದಲ್ಲಿ ಡಯಾಲಿಸಿಸ್‌ನವರ ಊಟವನ್ನು ಕನ್ನಡದಲ್ಲಿ, ನಮ್ಮ ಒಲೆಯ ಮೇಲೆ ಬೇಯುವ ಪದಾರ್ಥಗಳ ಹೆಸರಿನಲ್ಲಿ ಬರೆಸಿ. ಬರೆಯುವವರು ಮೊದಲು ಬೆಂಚಿನ ಹೆಂಗಸರನ್ನು ಕೇಳಲಿ, ನಾವು ಏನು ಬೇಯಿಸುತ್ತೇವೆ, ಯಾವ ನೀರು ಚೆಲ್ಲುತ್ತೇವೆ, ಯಾವುದನ್ನು ಮದ್ದೆಂದು ಉಳಿಸುತ್ತೇವೆ ಎಂದು. ಆಹಾರ ತಜ್ಞರು ವಾರಕ್ಕೊಂದು ದಿನವಾದರೂ ಬರಲಿ. ರಕ್ತದ ವರದಿ ಬಂದ ದಿನವೇ ಅದರಲ್ಲಿ ಏನಿದೆಯೆಂದು ಅಡುಗೆ ಮಾಡುವವರಿಗೆ ಬಾಯಿಬಿಟ್ಟು ಹೇಳಲಿ. ನಮ್ಮಂಥ ಬಾಯಿಲ್ಲದವರು ಕೇಳುವುದಿಲ್ಲ ಸ್ವಾಮಿ. ಕೇಳದಿದ್ದರೆ ಗೊತ್ತಿದೆ ಎಂದು ಅರ್ಥವಲ್ಲ.

ಅದೆಲ್ಲ ಆಗಲು ಸಮಯ ಹಿಡಿಯುತ್ತದೆಂದು ನನಗೂ ಗೊತ್ತು. ಕಡತ ಏಳಬೇಕು, ಇಳಿಯಬೇಕು. ಅಷ್ಟರವರೆಗೆ ಒಂದೇ ಒಂದಕ್ಕೆ ಉತ್ತರ ಕೊಡಿ. ಈಗ ಮಧ್ಯಾಹ್ನ ಹನ್ನೆರಡೂಕಾಲು. ಅನ್ನ ಬಸಿದಾಗಿದೆ. ಅಜ್ಜ ಅಡುಗೆಮನೆಯ ಹೊಸ್ತಿಲಲ್ಲಿ ಗೋಡೆಗೆ ಒರಗಿ ಕೂತಿದ್ದಾರೆ, ಏನು ಮಾಡಿದ್ದೇನೆಂದು ಕೇಳುವುದನ್ನೂ ಈಗ ಬಿಟ್ಟಿದ್ದಾರೆ. ನಾನು ಒಂದು ಮೊಟ್ಟೆ ಬೇಯಿಸಿ, ಹಳದಿ ಬಿಡಿಸಿ, ಬಿಳಿಯನ್ನು ತಟ್ಟೆಯ ಅಂಚಿನಲ್ಲಿಟ್ಟುಕೊಂಡು ನಿಂತಿದ್ದೇನೆ.

ಕೊಡಲೇ?

ಇಂತಿ,
ತಟ್ಟೆ ಹಿಡಿದು ನಿಂತಿರುವ
ಶ್ವೇತ,
ಅಮ್ಮತ್ತಿ ಹತ್ತಿರ, ಕೊಡಗು